ಎಡಗೈಗೆ ಬಂದ ಬ್ರೇಕು

ಮೇ ೨೮, ಬುಧವಾರ. ಹಿಂದವಾಡಿ.

ಮೆಕ್ಯಾನಿಕ್ ಬಾಳಪ್ಪ ಇವತ್ತು ಕೇಳಿದ ಪ್ರಶ್ನೆ ಇನ್ನೂ ತಲೆಯಿಂದ ಇಳಿದಿಲ್ಲ.

ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಕೊಂಡು ಖಾನಾಪುರದ ಅವನ ಅಂಗಡಿಗೆ ಹೋಗಿದ್ದೆ. ಓಡಿಸಿಕೊಂಡು ಹೋಗುವ ಧೈರ್ಯ ಬರಲಿಲ್ಲ. ನಾಲ್ಕು ತಿಂಗಳಿಂದ ಬಲಗೈ ಹಿಡಿತ ಬಿಡುತ್ತಿದೆ, ಹೆಬ್ಬೆರಳಿಗೆ ಸ್ವಿಚ್ ಒತ್ತುವಷ್ಟೂ ಬಲವಿಲ್ಲ. ಅದನ್ನು ಹೇಳಲಿಲ್ಲ. ಚಕ್ರ ತಿರುಗಿದರೆ ತಾನೇ ಹತ್ತುವ ಡೈನಮೊ ದೀಪ ಬೇಕೆಂದೆ, ಹಾಕಿದ. ಅಗಲದ ಮಡ್‌ಗಾರ್ಡ್ ಎಂದೆ, ಕೂಡಿಸಿದ. ಹಿಂದಿನ ಮುಂದಿನ ಎರಡೂ ಬ್ರೇಕನ್ನು ಎಡಗಡೆಯ ಒಂದೇ ಹಿಡಿಕೆಗೆ ಜೋಡಿಸು ಎಂದಾಗ ಮಾತ್ರ ನಟ್ಟು ಬಿಗಿಸುತ್ತಿದ್ದ ಪಾನಾ ಕೆಳಗಿಟ್ಟ.

"ಎಡಗೈ ಸೋತರ ಏನ್ ಮಾಡ್ತೀರಿ ಸರ?"

ನಾನು ಬಗ್ಗಿ ಮಡ್‌ಗಾರ್ಡಿನ ನಟ್ಟು ನೋಡತೊಡಗಿದೆ. ಅವನೇ ಸಮಾಧಾನ ಹೇಳಿದ: "ಇರಲಿ ಬಿಡ್ರಿ. ಆವಾಗ ಬರ್ರಿ, ಕಾಲಿಗೇ ಬ್ರೇಕ್ ಹಾಕಿ ಕೊಡ್ತೀನಿ. ಪೆಡಲ್ ಹಿಂದಕ್ಕ ತುಳದ್ರ ಗಾಡಿ ನಿಲ್ತದ."

ಮನೆಗೆ ಬಂದಾಗ ಹೆಂಡತಿ ಅಲಕಾ ಹೊಸ ಮಡ್‌ಗಾರ್ಡ್ ಮುಟ್ಟಿ ನೋಡಿದಳು. "ಹಂಗಾರ ಈ ಮಳಿಗಾಲಕ್ಕೂ ನಿಮ್ಮ ಜಾಂಬೋಟಿ ಸವಾರಿ ಐತಿ" ಎಂದಳು. ಹೌದು ಎಂದೆ. ಅವಳಿಗೆ ಇನ್ನೂ ಡಾಕ್ಟರ ರಿಪೋರ್ಟ್ ತೋರಿಸಿಲ್ಲ. ಇಪ್ಪತ್ತು ವರ್ಷದ ಈ ಉಕ್ಕಿನ ಸೈಕಲ್ಲಿಗೆ ಒಂದು ಚೂರೂ ತುಕ್ಕಿಲ್ಲ. ಅದನ್ನು ನೋಡಿದರೆ ಸಿಟ್ಟು ಬರುತ್ತದೆ.

ಇದನ್ನೂ ಎಡಗೈಯಲ್ಲೇ ಬರೆಯುತ್ತಿದ್ದೇನೆ. ಸಾಲುಗಳು ಕೆಳಗೆ ಜಾರುತ್ತಿವೆ.

ಬಾಳಪ್ಪನಿಗೆ ಏನೂ ಗೊತ್ತಿಲ್ಲ. ಆದರೆ ಡಾಕ್ಟರು ಹೇಳಿದ ಕ್ರಮವೂ ಅದೇ. ಮೊದಲು ಬಲಗೈ, ಆಮೇಲೆ ಎಡಗೈ, ಆಮೇಲೆ ಕಾಲು.