ಅಂಟು ಬಿಡದ ಲಕೋಟೆ

ಮಂಗಳವಾರ, ಸೆಪ್ಟೆಂಬರ್ 14
ಮಧ್ಯಾಹ್ನ, ಕ್ಲಿನಿಕ್ಕಿನಿಂದ

ಪ್ರೀತಿಯ ಗೆಳತಿ,

‘ಪ್ರೀತಿಯ’ ಅಂತ ಅಭ್ಯಾಸಬಲದಿಂದ ಬರೆದೆ. ಮೆಡಿಕಲ್ ಕಾಲೇಜಿನ ಹಾಸ್ಟೆಲಿನಲ್ಲಿ ಐದು ವರ್ಷ ಒಂದೇ ಕೋಣೆಯಲ್ಲಿದ್ದವಳಲ್ಲವೇ, ಹೊಡೆದುಹಾಕಲು ಕೈ ಬರಲಿಲ್ಲ.

ನಮ್ಮ ಬೀದಿಯ ದರ್ಜಿ ನಿನ್ನ ವಾರ್ಡಿನಲ್ಲಿ ಮಲಗಿದ್ದಾನೆ. ಹೃದಯ ಅರ್ಧ ಕೆಟ್ಟಿದೆ. ಇನ್ನು ಹೊಲಿಗೆ ಯಂತ್ರ ತುಳಿಯುವಂತಿಲ್ಲ. ನೀನು ಅವನ ಹಳೆಯ ಫೈಲು ಬಿಡಿಸಿ ನೋಡಿ, ನಿಮ್ಮ ಫ್ಯಾಮಿಲಿ ಡಾಕ್ಟ್ರು ಮೊದಲೇ ಕಳಿಸಬಾರದಿತ್ತೇನಮ್ಮ ಅಂತ ಅವನ ಹೆಂಡತಿಯನ್ನು ಕೇಳಿದೆಯಂತೆ. ನಿನ್ನೆ ಅವಳು ನೇರ ಇಲ್ಲಿಗೆ ಬಂದು, ಬೆಂಚಿನ ಮೇಲಿದ್ದ ಹನ್ನೊಂದು ಜನರೆದುರು, ನಂಬಿದ್ದಕ್ಕೆ ಚೆನ್ನಾಗ್ ಮಾಡಿದ್ರಿ ಡಾಕ್ಟ್ರಮ್ಮ ಅಂತ ಆ ಫೈಲನ್ನು ಮೇಜಿನ ಮೇಲೆ ಎಸೆದು ಹೋದಳು. ನಾಲ್ಕು ಜನ ಟೋಕನ್ ವಾಪಸು ಕೊಟ್ಟು ಎದ್ದರು. ಇಪ್ಪತ್ತೆರಡು ವರ್ಷದಿಂದ ಇವರ ಮಕ್ಕಳಿಗೆಲ್ಲ ಚುಚ್ಚುಮದ್ದು ಹಾಕಿದವಳು ನಾನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಕಳಿಸಿರಲಿಲ್ಲವೇನೇ ನಾನು? ಜೂನ್ ಎಂಟಕ್ಕೇ ಕಳಿಸಿದ್ದೆ. ಹೆಂಡತಿಗೂ ಹೇಳದೆ ಒಬ್ಬನೇ ನಿನ್ನ ಹತ್ತಿರ ಬಂದಿದ್ದ, ಕೈಯಲ್ಲಿ ನನ್ನ ಪತ್ರವಿತ್ತು. ಯಂತ್ರ ತುಳಿದಾಗ ಎದೆ ಹಿಡಿಯುತ್ತದೆ, ಕಾಲು ನಿಲ್ಲಿಸಿದರೆ ಬಿಡುತ್ತದೆ; ಅಪ್ಪ, ಅಣ್ಣ ಇಬ್ಬರೂ ಐವತ್ತರೊಳಗೆ ಹೃದಯಾಘಾತದಿಂದ ಹೋದವರು; ಹೆದರಿಕೆಗೆ ಇವನು ಅದನ್ನೆಲ್ಲ ಬಾಯಿ ಬಿಡುವುದಿಲ್ಲ; ಮಲಗಿಸಿ ತೆಗೆದ ಇಸಿಜಿ ಸಾಲದು, ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡು ಅಂತ ಎರಡು ಪುಟ ಬರೆದಿದ್ದೆ. ನೀನು ಮಲಗಿಸಿಯೇ ಇಸಿಜಿ ತೆಗೆದೆ. ಬರೀ ಗ್ಯಾಸ್ ಅಂತ ಚೀಟಿ ಬರೆದು ಮನೆಗೆ ಕಳಿಸಿದೆ.

ನಿನ್ನೆ ಅವಳು ಎಸೆದುಹೋದ ಫೈಲು ಬಿಚ್ಚಿದರೆ, ಆ ಚೀಟಿಯ ಹಿಂದೆಯೇ ನನ್ನ ಲಕೋಟೆ ಪಿನ್ ಹೊಡೆದಿತ್ತು. ಅಂಟು ಬಿಟ್ಟಿರಲಿಲ್ಲ. ಒಡೆದೇ ನೋಡಿಲ್ಲವಲ್ಲೇ, ಮಹಾತಾಯಿ!

ದಿನಕ್ಕೆ ಅರವತ್ತು ಜನರನ್ನು ನೋಡುವವಳು ಒಂದು ಪತ್ರ ಮರೆತಿದ್ದರೆ ಕ್ಷಮಿಸುತ್ತಿದ್ದೆ. ಆದರೆ ನಿನ್ನದೇ ಕೈಬರಹ ಕಣ್ಣೆದುರಿಗಿದ್ದೂ ತಪ್ಪನ್ನು ನನ್ನ ತಲೆಗೆ ಕಟ್ಟಿದೆಯಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತಿದೆ. ನಾನಾಗಿದ್ದರೆ ನಿನ್ನನ್ನು ಬಿಟ್ಟುಕೊಡುತ್ತಿರಲಿಲ್ಲ. ನನ್ನ ಕೆಲಸ ನಾನು ಮಾಡಿದ್ದೆ. ಶುಕ್ರವಾರದೊಳಗೆ ದರ್ಜಿಯ ಹೆಂಡತಿಯನ್ನು ಕೂರಿಸಿಕೊಂಡು ನಿಜ ಹೇಳು.

ಇಂತಿ,
ನೀನು ತಮಾಷೆಗೆ ಕರೆಯುವ
ಕೆಮ್ಮು-ನೆಗಡಿ ಡಾಕ್ಟ್ರು

ಮರೆತದ್ದು: ಮರೆತಿರಲಿಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಜುಲೈನಲ್ಲಿ ದರ್ಜಿ ಮತ್ತೆ ಎದೆ ಒತ್ತಿಕೊಂಡು ನನ್ನ ಹತ್ತಿರ ಬಂದಿದ್ದ. ದೊಡ್ಡ ಡಾಕ್ಟ್ರೇ ಗ್ಯಾಸ್ ಅಂದ್ಮೇಲೆ ಇನ್ನೇನಪ್ಪ ಅಂತ ಗದರಿ, ಗ್ಯಾಸಿನ ಮಾತ್ರೆ ಕೊಟ್ಟು ಕಳಿಸಿದೆ. ಇವತ್ತು ಬೆಳಿಗ್ಗೆ ಹೋಗಿ ಅವನ ಹೆಂಡತಿಗೆ ಅದನ್ನು ಹೇಳಿ ಬಂದೆ. ಅವಳು ಬಾಗಿಲು ಹಾಕಿಕೊಂಡಳು. ನಿನ್ನ ವಿಷಯ ಇನ್ನೂ ಎತ್ತಿಲ್ಲ ಕಣೇ. ಅದನ್ನು ನೀನೇ ಹೇಳಬೇಕು.