ಮಂಗಳವಾರ, ಶುಕ್ರವಾರದ ನೀರು

ಏಪ್ರಿಲ್ 8, ಮಂಗಳವಾರ

ಮತ್ತೆ ಅದೇ ಫಾರ್ಮ್. "ಈ ವಾರ ನೀವು ಕಲಿತದ್ದೇನು?" ಗ್ರ್ಯಾಜುಯೇಟ್ ಸ್ಕೂಲಿನವರಿಗೆ ಪ್ರತಿ ವಾರ ಒಪ್ಪಿಸಬೇಕು. ಬರೆದೆ: ಇಳಕಲ್ಲಿನಿಂದ ಗುಡೂರಿಗೆ ಸ್ಕೂಟಿಯಲ್ಲಿ ಹೋದರೆ ಬೆನ್ನಿನ ಒಂದೊಂದು ಮೂಳೆಯ ಪರಿಚಯವಾಗುತ್ತದೆ. ಅಳಿಸಿದೆ. "ಅಂತರಶಿಸ್ತೀಯ ಸಹನೆ" ಎಂದು ತುಂಬಿದೆ. ಅರ್ಧ ಕ್ರೆಡಿಟ್.

ಹವಾಮಾನ ಮತ್ತು ಆರೋಗ್ಯ — ಎರಡರ ಪಿಎಚ್.ಡಿ., ಅದಕ್ಕೇ ಇಬ್ಬರು ಗೈಡು. ಸಿದ್ದಾರ್ಥ ಸರ್ ಹವಾಮಾನದವರು, ಪ್ರಿಯದರ್ಶಿನಿ ಮೇಡಂ ಡಾಕ್ಟರು. ಒಂದೇ ಕಾರಿಡಾರ್. ಮಾತಾಡುವುದು ಮಾತ್ರ ನನ್ನ ಮೂಲಕ. ಇಬ್ಬರ ಜಗಳ ಮೂರನೆಯವರಿಗೆ ಲಾಭವಂತೆ. ನನಗೆ ಎರಡೆರಡು ಡೆಡ್‌ಲೈನು ಲಾಭ.

ಗುಡೂರಿನ ಹತ್ತಿರ ಕೆರೆಯ ಹೂಳೆತ್ತುವ ಹನ್ನೆರಡು ಹೆಂಗಸರಿಗೆ ಬಾಟಲಿ ಕೊಟ್ಟಾಯಿತು. ಮುಚ್ಚಳದಲ್ಲಿ ಸೆನ್ಸರ್. ಯಾರು ಎಷ್ಟು ಕುಡಿದರು, ಅದೇ ಲೆಕ್ಕ ಇಡುತ್ತದೆ. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಅವರ ಫೋನಿಗೆ ಮೆಸೇಜು: "ಬಿಸಿಲು ಹೆಚ್ಚು, ನೀರು ಕುಡಿಯಿರಿ." ನಾನು ಹೋಗುವುದೂ ಅದೇ ಎರಡು ದಿನ. ಮೆಸೇಜಿಗೆ ಕುಡಿಯುತ್ತಾರೋ ಇಲ್ಲವೋ, ಅಷ್ಟೇ ನನ್ನ ಥೀಸಿಸ್.

ಮೇ 8ಕ್ಕೆ ಕಮಿಟಿ. ಅವರು ಒಪ್ಪದಿದ್ದರೆ ಪಿಎಚ್.ಡಿ. ಅಲ್ಲಿಗೇ ಮುಗಿಯಿತು. ಬಾಗಲಕೋಟೆಯಲ್ಲಿ ಅಪ್ಪ ಬಿ.ಎಡ್. ಅರ್ಜಿ ತಂದಿಟ್ಟು ವರ್ಷವಾಯಿತು. ನನ್ನ ಸಹಿಯೊಂದೇ ಬಾಕಿ.

ಏಪ್ರಿಲ್ 11, ಶುಕ್ರವಾರ

ನಲವತ್ತೆರಡು ಡಿಗ್ರಿ. ಕೆರೆಯಲ್ಲಿ ನೀರಿಲ್ಲ, ಗಿಡವಿಲ್ಲ, ಒಂದು ಜಾಲಿಕಂಟಿಯೂ ಇಲ್ಲ. ಆ ಕಡೆ ಗಂಡಸರು, ಈ ಕಡೆ ಹೆಂಗಸರು. ಗುಂಪಿನಲ್ಲಿ ಹಿರಿಯಳು ಬೋರವ್ವ. ಕರೆದಳು.

"ಮೇಡಮ್ಮಾರ, ನಿಮ್ಮ ಛತ್ರಿ ಭಾಳ ದೊಡ್ಡದೈತಿ. ಆ ಕಡೆ ಮಾರಿ ಮಾಡಿ ಜರಾ ಅಡ್ಡ ಹಿಡೀರಿ."

ಹಿಡಿದೆ. ಒಬ್ಬೊಬ್ಬರಾಗಿ ಹಿಂದೆ ಹೋಗಿ ಬಂದರು. ಹನ್ನೆರಡೂ ಜನ! ಯಾವನೋ ಇತ್ತ ನೋಡಿದ. ಗುಂಪಿನ ಸಾವಂತ್ರವ್ವ ಬಿಡುವವಳಲ್ಲ — "ಏನ್ ನೋಡ್ತೀಯೋ? ನಿನ್ನ ಹೂಳ ನೀ ಎತ್ತು!"

ಕೈ ಸೋತಿದೆ. ಇನ್ನು ಬಂದಾಗಲೆಲ್ಲ ಹಿಡಿಯಬೇಕಂತೆ. ಫಾರ್ಮಿಗೆ: ಸಮುದಾಯದ ಸಹಭಾಗಿತ್ವ. ಪೂರ್ತಿ ಒಂದು ಕ್ರೆಡಿಟ್.

ಏಪ್ರಿಲ್ 25, ಶುಕ್ರವಾರ

ಗ್ರಾಫ್ ಬಂತು. ಮಂಗಳವಾರ, ಶುಕ್ರವಾರ — ತಲೆಗೆ ಎರಡು ಲೀಟರ್. ಉಳಿದ ದಿನ ಕಾಲು ಲೀಟರ್. ಸರ್ ಫೋನಿನಲ್ಲಿ ಕೂಗಿದರು: "ಮೆಸೇಜ್ ಗೆದ್ದಿತು!" ಪಕ್ಕದಲ್ಲಿ ಮೇಡಂ ದನಿ. ಇಬ್ಬರೂ ಒಂದೇ ಕೋಣೆಯಲ್ಲಿ! ಎರಡು ವರ್ಷದಲ್ಲಿ ಮೊದಲ ಸಲ. ಖುಷಿಗೆ ಎರಡು ಪ್ಲೇಟ್ ಗಿರ್ಮಿಟ್ ತಿಂದೆ.

ಏಪ್ರಿಲ್ 29, ಮಂಗಳವಾರ

ಕೇಳಬಾರದಿತ್ತು. ಕೇಳಿದೆ.

"ಬೋರವ್ವಾ, ನನ್ನ ಮೆಸೇಜ್ ಛಲೋ ತಿಳೀತೈತೇನು?"

"ಯಾವ ಮೆಸೇಜವ್ವಾ? ಫೋನ ಸೊಸಿ ಕಡೆ ಇರತೈತಿ. ರೀಲ್ಸ್ ನೋಡ್ತಾಳ."

ಉಳಿದವರ ಫೋನು? ಮನೆಯಲ್ಲಿ ಚಾರ್ಜಿಗೆ. ಗಂಡನ ಕಿಸೆಯಲ್ಲಿ. ಒಬ್ಬರೂ ಓದಿಲ್ಲ. ಕಾಲ ಕೆಳಗಿನ ಹೂಳು ಕುಸಿದಂತಾಯಿತು.

"ಮತ್ತ ಮಂಗಳವಾರ, ಶುಕ್ರವಾರ ಅಷ್ಟು ನೀರು ಯಾಕ ಕುಡೀತೀರಿ?"

ಸಾವಂತ್ರವ್ವ ಮಣ್ಣಿನ ಬುಟ್ಟಿ ಬೀಳಿಸಿಕೊಂಡು ನಕ್ಕಳು. "ಅವತ್ತ ನೀವು ಅಡ್ಡ ನಿಂದರ್ತೀರಲ್ರಿ! ಉಳಿದ ದಿನ ಕುಡದು ಎಲ್ಲಿಗೆ ಹೋಗೂದ್ರಿ?"

ಬೋರವ್ವ ನಗಲಿಲ್ಲ. "ಮುಂಜಾನೆ ಬಂದವರು ಮನಿ ಮುಟ್ಟೂಮಟ ತಡಕೋತೇವಿ. ಆಮ್ಯಾಲ ಹೋದ್ರ ಉರೀತೈತಿ."

ನಾಚಿಕೆಯಾಯಿತು. ಎರಡು ವರ್ಷ ಬಿಸಿಲು ಅಳೆದೆ. ಇದನ್ನು ಒಂದು ಸಲವೂ ಕೇಳಿರಲಿಲ್ಲ.

ಮೇ 4, ಭಾನುವಾರ

ಯಾರಿಗೂ ಹೇಳದಿದ್ದರೆ ಏನಾಗುತ್ತದೆ? ಪಿಎಚ್.ಡಿ. ಆಗುತ್ತದೆ.

ಹೇಳಿದರೆ? ಬಿ.ಎಡ್.

ಹೇಳದಿದ್ದರೆ ಇನ್ನೊಂದೂ ಆಗುತ್ತದೆ. ನನ್ನ ಗ್ರಾಫ್ ನಂಬಿ ಯಾರೋ ಊರೂರಿಗೆ ಮೆಸೇಜು ಕಳಿಸುತ್ತಾರೆ. ಹೆಂಗಸರು ತಡೆದುಕೊಂಡೇ ಇರುತ್ತಾರೆ... ಊಟ ಸೇರಲಿಲ್ಲ.

ಮೇ 8, ಗುರುವಾರ

ಹೇಳಿಬಿಟ್ಟೆ. "ಮೆಸೇಜ್ ಅಲ್ಲ ಸರ್. ಛತ್ರಿ."

ಸಿದ್ದಾರ್ಥ ಸರ್: "ಛತ್ರಿ ಯಾವ ವೇರಿಯೇಬಲ್?"

ವಿವರಿಸಿದೆ. ಮೇಡಂ ಕನ್ನಡಕ ತೆಗೆದರು. "ಹಳ್ಳಿ ಕ್ಯಾಂಪಿಗೆ ಹೋದಾಗ ನಾನೂ ನೀರು ಕುಡಿಯಂಗಿಲ್ಲ. ಮೂವತ್ತು ವರ್ಷ ಆತು. ಮುಂದ ಹೇಳು."

"ಆದರೆ ಮೆಸೇಜಿನ ಪರಿಣಾಮ—"

"ಸಿದ್ದಾರ್ಥ, ನೀವು ಸ್ವಲ್ಪ ಸುಮ್ಮನಿರ್ರಿ."

ನೇರವಾಗಿ! ನನ್ನ ಮೂಲಕ ಅಲ್ಲ!

ತೀರ್ಪು: ತಿಂಗಳ ಡೇಟಾ ಕಸದ ಬುಟ್ಟಿಗೆ. ಪ್ರಶ್ನೆ ಬದಲು. ಆರು ತಿಂಗಳು ಕೊಟ್ಟಿದ್ದಾರೆ, ಮತ್ತೆ ಮೊದಲಿನಿಂದ. ಉಳಿದೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ.

ಮೇ 13, ಮಂಗಳವಾರ, ಕೆರೆಯೊಳಗೆ, 11.40

ಬಿದಿರಿನ ಗಳ ನೆಟ್ಟು ಹಳೆಯ ಸೀರೆಗಳ ಪರದೆ ಕಟ್ಟಿದೆವು. ಗಾಳಿಗೆ ಒಂದು ಮಗ್ಗಲು ಹಾರಿಹೋಯಿತು. ಮತ್ತೆ ಕಟ್ಟಬೇಕು. ಅಷ್ಟರಲ್ಲಿ ಬೋರವ್ವ ಮಜ್ಜಿಗೆ ತಂದಳು. ಎರಡು ತಂಬಿಗೆ. ಬೇಡವೆಂದೆ.

"ಯಾಕ? ತಿಂಗಳಾತು ಬರಾಕತ್ತಿ. ನೀ ಎಲ್ಲಿ ಹೋಗ್ತಿದ್ದಿ?"

"ನಾನೂ ಕುಡಿಯಂಗಿಲ್ಲಬೇ. ಇಳಕಲ್ ಮುಟ್ಟೂಮಟ ತಡಕೋತೇನಿ."

ಹನ್ನೆರಡೂ ಜನ ಹಣೆ ಹಣೆ ಬಡಿದುಕೊಂಡರು. "ಇಕಿ ನಮಗ ಶಾಣ್ಯಾತನ ಕಲಸಾಕ ಬಂದಾಳ!" ಸಾವಂತ್ರವ್ವ ತಂಬಿಗೆ ಬಾಯಿಗೇ ಹಿಡಿದಳು. ಎರಡೂ ಮುಗಿಸಿದೆ. ಅರ್ಧ ಗಂಟೆಯಾಯಿತು. ಹಾರಿದ ಮಗ್ಗಲಿನ ಜಾಗದಲ್ಲಿ ಈಗ ಎಲ್ಲರೂ ಬೆನ್ನು ತಿರುಗಿಸಿ ಸಾಲಾಗಿ ನಿಂತಿದ್ದಾರೆ, ನನಗಾಗಿ. ಬೋರವ್ವ ಬಯ್ಯುತ್ತಿದ್ದಾಳೆ — "ಬರಿಯೂದು ಆಮ್ಯಾಲ ಬರಿಯಂತಿ, ಮೊದಲ ಹೋಗ!" ಸರಿ, ಇನ್ನು ತಡೆಯಲಾ—