ನದಿ ದಂಡೆಯ ಡೇರೆಯೇ ಇರಲಿ

ತಮ್ಮಾ ಪರ್ಸಲೋಯಿ,

ಸಫಾರಿಗೆ ನದಿ ದಂಡೆಯ ಡೇರೆಯನ್ನೇ ಗೊತ್ತು ಮಾಡು. ಮಧ್ಯಾಹ್ನದೊಳಗೆ ಫೋನ್ ಮಾಡದಿದ್ದರೆ ಬೇರೆಯವರಿಗೆ ಕೊಟ್ಟುಬಿಡುತ್ತಾರೆ. ಗುಡ್ಡದ ಹೋಟೆಲಿಗೆ ಬೇಲಿಯಿದೆ ನಿಜ, ಆದರೆ ಪ್ರಾಣಿಗಳ ಹಿಂಡು ಮಾರಾ ನದಿ ದಾಟುವುದು ಅಲ್ಲಿಂದ ಕಾಣುವುದಿಲ್ಲ, ವಿಚಾರಿಸಿದ್ದೇನೆ.

ಡೇರೆಗೆ ಬೇಲಿಯಿಲ್ಲವೆಂದು ನಿನ್ನೆ ಅಮ್ಮನಿಗೆ ಹೇಳಿದೆ. "ಸಿಂಹ ಬರಬಾರದು ಅಂತ ದಿನಾ ಸಂಜೆ ಮುಳ್ಳು ಎಳೆದು ದೊಡ್ಡಿ ಮುಚ್ಚಿದವಳು ನಾನು. ಬೇಲಿ ಇಲ್ಲದ ಕಡೆ ಮಲಗೋಕೆ ದುಡ್ಡು ಬೇರೆ ಕೊಡ್ತೀಯೇನೇ, ಹುಚ್ಚಿ?" ಎಂದು ಬೈದಳು. ಇನ್ನು ಬರುವುದಿಲ್ಲವೆಂದುಕೊಂಡೆ. ಅವಳಿಲ್ಲದೆ ನನಗೆ ಈ ಪ್ರವಾಸವೇ ಬೇಡ.

ಇವತ್ತು ಚಹಾ ಕುಡಿಯುತ್ತಾ ತಾನಾಗಿಯೇ ಹೇಳಿದಳು: "ಬಾಗಿಲ ಕಡೆ ಹಾಸಿಗೆ ನಂಗೆ. ಸಿಂಹ ಬಂದು ಎಬ್ಬಿಸಿದ್ರೂ ನಿನ್ನ ತಮ್ಮ ಏಳಲ್ಲ."

ಬರುತ್ತಾಳೆ ಕಣೋ! ಮೂರು ಹಾಸಿಗೆಯ ಡೇರೆ ಕೇಳು. ನಡುವಿನದು ನನ್ನದು, ಜಗಳಕ್ಕೆ ಬರಬೇಡ.

ಅಕ್ಕ ನಶಿಪೈ